ಕೀ ಒಳಗೆ, ನಾವು ಹೊರಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರಿನ ಬಾಗಿಲು ಲಾಕ್ ಆಗುವಾಗ 'ಟಕ್' ಅಂತ ಒಂದು ಸದ್ದು ಬರುತ್ತದಲ್ಲ, ಅದು ನಿಮಗೆಲ್ಲ ಗೊತ್ತು. ದಿನಾ ಇರುವ ಸದ್ದು. ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಆದರೆ ಯಾವತ್ತೋ ಒಂದು ದಿನ ಆ ಸದ್ದು ಕೇಳಿದ ಕೂಡಲೇ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಜೇಬು ಖಾಲಿ. ಕಿಟಕಿಗೆ ಹಣೆ ಹಚ್ಚಿ ನೋಡಿದರೆ ಸೀಟಿನ ಮೇಲೆ ಕೀ ಕಾಣುತ್ತದೆ. ಒಂದು ಮೊಳ ದೂರ. ನಡುವೆ ಗಾಜು.

ಆ ಗಳಿಗೆಯಲ್ಲಿ ನಾವು ಮೊದಲು ಕೇಳಿಕೊಳ್ಳುವ ಪ್ರಶ್ನೆ 'ಕೀ ಹೇಗೆ ತೆಗೆಯೋದು' ಅಂತ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ. ಒಳಗೆ ಯಾರಾದರೂ ಇದ್ದಾರಾ? ಇದನ್ನು ನಾನು ಕಲಿತದ್ದು ಹೇಗೆ ಅಂತ ಹೇಳುತ್ತೇನೆ.

ಅಕ್ಕನ ಮಗಳಿಗೆ ಆಗ ಎರಡು ವರ್ಷ. ಒಳ್ಳೆ ಬಿಸಿಲಿನ ಹೊತ್ತು. ಅಕ್ಕ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದಳು. ಹಟ ಮಾಡುತ್ತಿತ್ತು ಅಂತ ಕೀ ಗೊಂಚಲನ್ನೇ ಕೈಗೆ ಕೊಟ್ಟಳು. ಬಾಗಿಲು ಹಾಕಿ, ಸುತ್ತಿಕೊಂಡು ಮುಂದಿನ ಬಾಗಿಲಿಗೆ ಬರುವಷ್ಟರಲ್ಲಿ ಟಕ್. ಮಗು ಬಟನ್ ಒತ್ತಿತ್ತು. ನಾಲ್ಕೂ ಬಾಗಿಲು ಲಾಕ್.

ಮೊದಲು ನಾವು ಅಷ್ಟೇನೂ ಗಾಬರಿಯಾಗಲಿಲ್ಲ. ಕೀ ಅವಳ ಕೈಯಲ್ಲೇ ಇದೆಯಲ್ಲ. 'ಪುಟ್ಟಿ, ಇನ್ನೊಂದ್ಸಲ ಒತ್ತು ಕಂದಾ' ಅಂತ ಇಬ್ಬರೂ ಗಾಜಿಗೆ ಮುಖ ಹಚ್ಚಿ ಹೇಳಿದೆವು. ಅವಳು ನಕ್ಕಳು. ಕೀ ಎತ್ತಿ ನಮಗೆ ತೋರಿಸಿದಳು. ಒತ್ತಿದಳು ಕೂಡ, ಆದರೆ ಒತ್ತಿದ್ದು ಅದೇ ಲಾಕ್ ಬಟನ್. ಮತ್ತೆ ಟಕ್. ಆಮೇಲೆ ಕೀ ಕೈಜಾರಿ ಅವಳ ಕಾಲಿನ ಹತ್ತಿರ ಬಿತ್ತು. ಬೆಲ್ಟ್ ಇತ್ತು, ಬಗ್ಗಲು ಆಗಲಿಲ್ಲ.

ಅಕ್ಕ ಭಾವನಿಗೆ ಫೋನ್ ಮಾಡಿ ಡೂಪ್ಲಿಕೇಟ್ ಕೀ ತನ್ನಿ ಅಂದಳು. ನಾನು ಯಾರ ಹತ್ತಿರವೋ ತಂತಿ ಇಸಿದುಕೊಂಡು ಬಂದು ಕಿಟಕಿಯ ರಬ್ಬರಿನ ಸಂದಿಯಲ್ಲಿ ತೂರಿಸತೊಡಗಿದೆ. ತೂರಿಸಿದೆ, ತೆಗೆದೆ, ಬಗ್ಗಿಸಿದೆ, ಮತ್ತೆ ತೂರಿಸಿದೆ. ಅಷ್ಟರಲ್ಲಿ ಒಳಗಿನ ನಗು ನಿಂತಿತ್ತು. ಕೂದಲು ಬೆವರಿಗೆ ನೆನೆದು ಹಣೆಗೆ ಅಂಟಿತ್ತು. ಕೆನ್ನೆ ಕೆಂಪಾಗಿತ್ತು.

ದಾರಿಯಲ್ಲಿ ಹೋಗುತ್ತಿದ್ದ ಲಾರಿಯೊಂದು ನಿಂತಿತು. ಡ್ರೈವರ್ ಇಳಿದು ಬಂದು ಒಳಗೆ ಒಂದು ಸಲ ನೋಡಿದರು. 'ತಂತಿ ಹಿಡ್ಕೊಂಡು ಏನ್ ಮಾಡ್ತಿದ್ದೀರಿ? ಗಾಜು ಒಡೀರಿ' ಅಂದರು. ನಾವಿಬ್ಬರೂ ಅವರ ಮುಖ ನೋಡಿದೆವು. ನಮಗೆ ಅದು ಹೊಳೆದೇ ಇರಲಿಲ್ಲ. ಅವರು ತಮ್ಮ ವೀಲ್ ಸ್ಪಾನರ್ ತಂದರು. ಮಗು ಎಡಗಡೆ ಕೂತಿತ್ತು. ಅವರು ಬಲಗಡೆಯ ಮುಂದಿನ ಕಿಟಕಿಗೆ ಹೋದರು. ಗಾಜಿನ ನಡುವೆ ಹೊಡೆಯಲಿಲ್ಲ, ಮೂಲೆಗೆ ಹೊಡೆದರು. ಮೂರನೇ ಏಟಿಗೆ ಇಡೀ ಗಾಜು ಹರಳುಪ್ಪಿನ ಹಾಗೆ ಸುರಿಯಿತು.

ಬಾಗಿಲು ಲಾಕ್ ಆಗಿ ಗಾಜು ಒಡೆಯುವಷ್ಟರಲ್ಲಿ ಹತ್ತು ನಿಮಿಷ ಆಗಿತ್ತು. ಆ ಹತ್ತು ನಿಮಿಷ ಎಷ್ಟು ದೊಡ್ಡದು ಅಂತ ನನಗೆ ಆಮೇಲೆ ತಿಳಿಯಿತು. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ. ಹೊರಗೆ 30 ಇದ್ದರೆ ಒಳಗೆ 40. ಒಂದು ಗಂಟೆಯಲ್ಲಿ ಏರುವ ಬಿಸಿಯಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ. ಬಿಸಿಲು ಗಾಜಿನ ಮೂಲಕ ಬಂದು ಸೀಟು, ಡ್ಯಾಶ್‌ಬೋರ್ಡ್ ಎಲ್ಲವನ್ನೂ ಕಾಯಿಸುತ್ತದೆ. ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಆ ಬಿಸಿಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಕಿಟಕಿ ಎರಡು ಬೆರಳಿನಷ್ಟು ಇಳಿಸಿದ್ದರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಇನ್ನು ಚಿಕ್ಕ ಮಕ್ಕಳ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯಾಗುತ್ತದೆ. ನಮಗೆ ಸೆಖೆ ಅನ್ನಿಸುವಷ್ಟರಲ್ಲಿ ಮಗುವಿನ ಜೀವಕ್ಕೇ ಕುತ್ತು ಬಂದಿರುತ್ತದೆ.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಒಳಗೆ ಮಗು ಇದ್ದರೆ, ವಯಸ್ಸಾದವರು ಇದ್ದರೆ, ನಾಯಿ ಇದ್ದರೂ ಅಷ್ಟೇ, ಬಿಸಿಲಿದ್ದರೆ ಕೀ ಬರಲಿ ಅಂತ ಕಾಯಬೇಡಿ. ಒಬ್ಬರು ತುರ್ತು ಸೇವೆಗೆ ಫೋನ್ ಮಾಡಲಿ, ಇನ್ನೊಬ್ಬರು ಗಾಜು ಒಡೆಯಲಿ. ಒಳಗಿರುವವರಿಂದ ಎಲ್ಲಕ್ಕಿಂತ ದೂರದ ಪಕ್ಕದ ಕಿಟಕಿ ಆರಿಸಿಕೊಳ್ಳಿ. ಮುಂದಿನ ದೊಡ್ಡ ಗಾಜಿಗೆ ಹೋಗಬೇಡಿ. ಅದರಲ್ಲಿ ಎರಡು ಗಾಜಿನ ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಬಿರುಕು ಬಿಡುತ್ತದೆ, ಬೀಳುವುದಿಲ್ಲ. ಪಕ್ಕದ ಗಾಜು ಸಾಮಾನ್ಯವಾಗಿ ಕಾಯಿಸಿ ಗಟ್ಟಿ ಮಾಡಿದ ಒಂಟಿ ಗಾಜು. ಒಡೆದರೆ ಚೂಪು ಚೂರಾಗದೆ ಸಣ್ಣ ಹರಳಾಗುತ್ತದೆ. ಕೆಲವು ಹೊಸ ಕಾರುಗಳಲ್ಲಿ ಪಕ್ಕದಲ್ಲೂ ಪದರದ ಗಾಜು ಇರುತ್ತದೆ, ಒಂದು ಒಡೆಯದಿದ್ದರೆ ಇನ್ನೊಂದಕ್ಕೆ ಹೋಗಿ. ಮೊನಚಾದ, ಗಟ್ಟಿಯಾದ ವಸ್ತುವಿನಿಂದ ಮೂಲೆಗೆ ಹೊಡೆಯಿರಿ. ಮುಖ ಆಚೆ ತಿರುಗಿಸಿ, ಕೈಗೆ ಬಟ್ಟೆ ಸುತ್ತಿಕೊಳ್ಳಿ.

ಸರಿ. ಒಳಗೆ ಯಾರೂ ಇಲ್ಲ ಅಂದುಕೊಳ್ಳಿ. ಹಾಗಾದರೆ ಉಸಿರು ಬಿಡಿ. ನಿಮಗೆ ಸಮಯ ಇದೆ. ನಾಲ್ಕೂ ಬಾಗಿಲು ಒಂದೊಂದಾಗಿ ಎಳೆದು ನೋಡಿ, ಡಿಕ್ಕಿಯನ್ನೂ ನೋಡಿ. ಗಾಬರಿಯಲ್ಲಿ ಒಂದೇ ಬಾಗಿಲನ್ನು ಹತ್ತು ಸಲ ಎಳೆಯುತ್ತೇವೆ, ಉಳಿದವನ್ನು ಮುಟ್ಟುವುದೇ ಇಲ್ಲ. ಹೊಸ ಕಾರಾದರೆ ಫೋನಿನ ಆ್ಯಪ್‌ನಿಂದಲೇ ಲಾಕ್ ತೆಗೆಯುವ ಸೌಲಭ್ಯ ಇರಬಹುದು.

ತಂತಿಯ ಆಸೆ ಮಾತ್ರ ಬಿಡಿ. ಹಳೆಯ ಕಾರುಗಳಲ್ಲಿ ಕಿಟಕಿಯ ಅಂಚಿನಲ್ಲಿ ಒಂದು ಗುಬುಟು ಇರುತ್ತಿತ್ತು, ನೆನಪಿದೆಯಾ? ಅದರ ಕೆಳಗಿನ ಕಡ್ಡಿ ನೇರವಾಗಿ ಬಾಗಿಲೊಳಗಿನ ಲಾಕಿಗೆ ಹೋಗುತ್ತಿತ್ತು. ಚಪ್ಪಟೆ ಪಟ್ಟಿಯೊಂದನ್ನು ಇಳಿಸಿ ಆ ಕಡ್ಡಿಗೆ ಸಿಕ್ಕಿಸಿ ಎಳೆದರೆ ಮುಗಿಯಿತು. ಈಗ ಎಷ್ಟೋ ಕಾರುಗಳಲ್ಲಿ ಕಡ್ಡಿಯ ಜಾಗದಲ್ಲಿ ಕೊಳವೆಯೊಳಗೆ ಓಡುವ ಕೇಬಲ್ ಇದೆ, ಲಾಕಿಗೆ ಅಡ್ಡ ಕವಚ ಇದೆ. ಬಾಗಿಲೊಳಗೆ ಕರೆಂಟಿನ ವೈರುಗಳಿವೆ. ಕೆಲವದರಲ್ಲಿ ಏರ್‌ಬ್ಯಾಗಿನ ಸೆನ್ಸರ್ ಕೂಡ ಅಲ್ಲೇ ಇರುತ್ತದೆ. ತಂತಿ ಆಡಿಸಿದರೆ ಬಾಗಿಲು ತೆರೆಯದು, ವೈರು ಮಾತ್ರ ಹರಿದೀತು. ಟೆನಿಸ್ ಚೆಂಡಿಗೆ ತೂತು ಮಾಡಿ ಕೀ ಹಾಕುವ ಜಾಗಕ್ಕೆ ಒತ್ತಿದರೆ ಲಾಕ್ ತೆರೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮನೆಯಲ್ಲಿರುವ ರಿಮೋಟನ್ನು ಫೋನಿನ ಹತ್ತಿರ ಹಿಡಿದು ಒತ್ತಿಸಿದರೂ ಆಗುವುದಿಲ್ಲ. ರಿಮೋಟ್ ಕಳಿಸುವುದು ರೇಡಿಯೋ ಅಲೆ. ಫೋನ್ ದಾಟಿಸುವುದು ಸದ್ದು.

ಬಾಗಿಲು ತೆರೆಯುವ ಕೆಲಸದವರು ಮಾಡುವುದು ಬೇರೆಯೇ. ಬಾಗಿಲಿನ ಮೇಲಿನ ಅಂಚಿಗೂ ಕಾರಿನ ಮೈಗೂ ನಡುವೆ ಒಂದು ತೆಳ್ಳನೆ ಗಾಳಿಚೀಲ ತೂರಿಸಿ, ಮೆಲ್ಲಗೆ ಗಾಳಿ ತುಂಬುತ್ತಾರೆ. ಬೆರಳು ಹಿಡಿಸುವಷ್ಟು ಸಂದಿ ಆಗುತ್ತದೆ. ಅದರಲ್ಲಿ ತುದಿಗೆ ರಬ್ಬರ್ ಹಾಕಿದ ಉದ್ದನೆ ಕೋಲು ಇಳಿಸಿ, ಒಳಗಿನ ಲಾಕ್ ಬಟನ್ ಒತ್ತುತ್ತಾರೆ. ನೋಡಲು ಸುಲಭ, ಆದರೆ ಕೈ ಪಳಗಿರಬೇಕು. ಚೀಲಕ್ಕೆ ಗಾಳಿ ಜಾಸ್ತಿಯಾದರೆ ಬಾಗಿಲಿನ ಚೌಕಟ್ಟೇ ಬಾಗುತ್ತದೆ. ಕಾರು ನಿಮ್ಮದೇ ಅನ್ನುವುದಕ್ಕೆ ಅವರು ದಾಖಲೆ ಕೇಳಬಹುದು. ಕೇಳಲೇಬೇಕು ಅನ್ನುತ್ತೇನೆ ನಾನು. ಆದರೆ ದಾಖಲೆ ಇರುವುದು ಕಾರಿನೊಳಗೆ, ಅಲ್ವಾ? ಅದರ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಫೋನೂ ಒಳಗೇ ಉಳಿಯಬಹುದು, ಅದಕ್ಕೆ ಮನೆಯವರ ಒಂದೆರಡು ನಂಬರ್ ಬಾಯಿಪಾಠ ಇರಲಿ.

ಕಾರು ತಾನೇ ಲಾಕ್ ಆಗಿದ್ದು ಹೇಗೆ ಅಂತ ಎಷ್ಟೋ ಜನ ಕೇಳುತ್ತಾರೆ. ಎಷ್ಟೋ ಕಾರುಗಳಲ್ಲಿ ರಿಮೋಟಿನಿಂದ ಲಾಕ್ ತೆಗೆದು, ಸ್ವಲ್ಪ ಹೊತ್ತಿನೊಳಗೆ ಬಾಗಿಲು ತೆರೆಯದಿದ್ದರೆ, ಕಾರು ಮತ್ತೆ ಲಾಕ್ ಮಾಡಿಕೊಳ್ಳುತ್ತದೆ. ಅರ್ಧ ನಿಮಿಷಕ್ಕೇ ಹಾಗೆ ಮಾಡುವ ಕಾರುಗಳೂ ಇವೆ. ಕೆಲವು ಕಾರುಗಳು ಡಿಕ್ಕಿ ತೆರೆದದ್ದನ್ನು ಬಾಗಿಲು ತೆರೆದಂತೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡೂ ಕೈಯಲ್ಲಿ ಚೀಲ. ಕೀಯನ್ನು ಡಿಕ್ಕಿಯ ಮೂಲೆಯಲ್ಲಿ ಒಂದು ಕ್ಷಣ ಇಡುತ್ತೀರಿ. ಚೀಲ ಜೋಡಿಸಿ ಡಿಕ್ಕಿ ಹಾಕುತ್ತೀರಿ. ಅಷ್ಟೇ. ಕೀಯನ್ನು ಡಿಕ್ಕಿಯಲ್ಲಿ ಯಾವತ್ತೂ ಇಡಬೇಡಿ, ಬೇಕಾದರೆ ಹಲ್ಲಲ್ಲಿ ಕಚ್ಚಿಕೊಳ್ಳಿ.

ಸ್ಮಾರ್ಟ್ ಕೀ, ಅಂದರೆ ಜೇಬಿನಲ್ಲಿದ್ದರೇ ಕಾರು ಗುರುತು ಹಿಡಿಯುವ ಕೀ ಇದ್ದರೆ, ಅದು ಒಳಗಿರುವುದನ್ನು ಕಾರು ಸಾಮಾನ್ಯವಾಗಿ ಗುರುತಿಸಿ, ಲಾಕ್ ಆಗದೆ ಬೀಪ್ ಅನ್ನುತ್ತದೆ. ಆದರೆ ಕೀಯ ಸೆಲ್ ಸೋತಿದ್ದರೆ, ಅಥವಾ ಕೀ ಲೋಹದ ಡಬ್ಬಿಯ ಒಳಗೋ ಲ್ಯಾಪ್‌ಟಾಪ್ ಕೆಳಗೋ ಇದ್ದರೆ, ಕಾರಿಗೆ ಅದು ಕೇಳಿಸದೇ ಹೋಗಬಹುದು. ಬಹಳಷ್ಟು ಕೀಗಳಲ್ಲಿ ನಾಣ್ಯದಂಥ ಸಿಆರ್2032 ಸೆಲ್ ಇರುತ್ತದೆ. ಬಟನ್ ಎರಡೆರಡು ಸಲ ಒತ್ತಬೇಕಾಗಿ ಬಂದರೆ ಸೆಲ್ ಬದಲಿಸುವ ಹೊತ್ತಾಯಿತು ಅಂತ ಅರ್ಥ. ಸೆಲ್ ಪೂರ್ತಿ ಸೋತು ಬಾಗಿಲು ತೆರೆಯದಿದ್ದರೂ ದಾರಿ ಇದೆ. ಇಂಥ ಕೀಯ ಬೆನ್ನಿನಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಕೊಕ್ಕೆ ಇರುತ್ತದೆ. ಅದನ್ನು ಸರಿಸಿದರೆ ಒಳಗಿಂದ ಲೋಹದ ಕೀ ಹೊರಬರುತ್ತದೆ. ಅದನ್ನು ಹಾಕುವ ಜಾಗ ಬಾಗಿಲಿನ ಹಿಡಿಯ ಹತ್ತಿರ, ಎಷ್ಟೋ ಸಲ ಒಂದು ಮುಚ್ಚಳದ ಹಿಂದೆ ಇರುತ್ತದೆ. ಒಂದು ದಿನ ಪುರುಸೊತ್ತಿನಲ್ಲಿ ತೆಗೆದು, ಹಾಕಿ, ತಿರುಗಿಸಿ ನೋಡಿ.

ಡೂಪ್ಲಿಕೇಟ್ ಕೀ ಬಗ್ಗೆ ಒಂದು ಮಾತು. ಈಗಿನ ಕೀಗಳೊಳಗೆ ಸಾಮಾನ್ಯವಾಗಿ ಒಂದು ಸಣ್ಣ ಚಿಪ್ ಇರುತ್ತದೆ, ಕಾರು ತನ್ನ ಕೀಯನ್ನು ಗುರುತಿಸುವುದು ಅದರಿಂದ. ಚಿಪ್ ಇಲ್ಲದ ಬರೀ ಲೋಹದ ಕೀ ಕಡಿಸಿದರೆ ಅಂಥ ಕಾರು ಸ್ಟಾರ್ಟ್ ಆಗುವುದಿಲ್ಲ. ಆದರೆ ಬಾಗಿಲಿನಲ್ಲಿ ಕೀ ಹಾಕುವ ಜಾಗ ಇದ್ದರೆ ಬಾಗಿಲು ತೆರೆಯುತ್ತದೆ. ನಮಗೆ ಬೇಕಾದದ್ದು ಅಷ್ಟೇ ತಾನೇ? ಅಂಥದ್ದೊಂದು ಪರ್ಸಿನಲ್ಲಿ ಇರಲಿ. ಚಿಪ್ ಇರುವ ಎರಡನೇ ಕೀ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಮೊಳೆಗೆ ತೂಗಲಿ. ಆ ದಿನ ಭಾವ ಬರಲು ಮುಕ್ಕಾಲು ಗಂಟೆ ಆಯಿತು. ಅದರಲ್ಲಿ ಅರ್ಧ ಹೊತ್ತು ಹೋದದ್ದು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಕೀ ಹುಡುಕುವುದರಲ್ಲಿ. ಅವರು ಓಡಿ ಬಂದಾಗ ಕೈಯಲ್ಲಿ ಕೀ ಇತ್ತು. ಲಾರಿ ಹೊರಟು ಹೋಗಿತ್ತು. ಪುಟ್ಟಿ ನೀರು ಕುಡಿದು, ಮರದ ನೆರಳಿನಲ್ಲಿ ಅಕ್ಕನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

ನಮಸ್ಕಾರ.