ನೀರಿಗೆ ತೂಕವಿದೆ

ಸ್ನೇಹಿತರೇ, ನೀರಾವರಿಯ ಇಂಗಾಲದ ಲೆಕ್ಕ, ಅಂದರೆ ಹೊಲಕ್ಕೆ ನೀರು ಕೊಡುವಾಗ ಭೂಮಿಯನ್ನು ಬಿಸಿಮಾಡುವ ಅನಿಲ ಎಷ್ಟು ಗಾಳಿಗೆ ಸೇರುತ್ತದೆ ಎಂಬ ಲೆಕ್ಕ, ಎಂದೊಡನೆ ಮಾತು ಮೋಟರಿನ ಎಚ್‌ಪಿಗೆ ಹೋಗುತ್ತದೆ. ಅದಕ್ಕೂ ಮೊದಲು ನೀರಿನ ತೂಕ ನೋಡೋಣ. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ಕಟ್ಟಿದರೆ ಸುಮಾರು 200 ಟನ್. ಇಷ್ಟನ್ನೂ 60 ಮೀಟರ್ ಆಳದಿಂದ ಎತ್ತಬೇಕು. ಎಳ್ಳಷ್ಟೂ ನಷ್ಟವಾಗದಿದ್ದರೆ ಒಂದು ಯೂನಿಟ್ ವಿದ್ಯುತ್ತು 367 ಟನ್ ನೀರನ್ನು ಒಂದು ಮೀಟರ್ ಎತ್ತುತ್ತದೆ. ಹಾಗಾಗಿ ಈ ಒಂದು ಸರದಿಗೆ 33 ಯೂನಿಟ್ ಸಾಕು. ಆದರೆ ವಿದ್ಯುತ್ ಮೀಟರಿನಲ್ಲಿ 80 ಯೂನಿಟ್ ದಾಟಿರುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಅದನ್ನು ಕಂಡುಹಿಡಿಯಲು ಒಂದು ಡ್ರಮ್, ಒಂದು ಗಡಿಯಾರ ಸಾಕು. ಪಂಪ್ ಅರ್ಧ ಗಂಟೆ ಓಡಲಿ. ಆಗ ಕೊಳವೆಬಾವಿಯ ನೀರು ಇಳಿದು ಒಂದು ಮಟ್ಟಕ್ಕೆ ನಿಲ್ಲುತ್ತದೆ. ಎತ್ತುವ ಎತ್ತರವನ್ನು ಈ ಮಟ್ಟದಿಂದ ಅಳೆಯಬೇಕು; ಪಂಪ್ ನಿಂತಾಗಿನ ಮಟ್ಟ ಹಿಡಿದು ಲೆಕ್ಕ ಹಾಕುವುದೇ ಬಹಳ ಜನ ಮಾಡುವ ತಪ್ಪು. ಆಮೇಲೆ ಡೆಲಿವರಿ ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ ಹಿಡಿಯಿರಿ. 50 ಸೆಕೆಂಡಿಗೆ ತುಂಬಿತೆನ್ನಿ: ಗಂಟೆಗೆ 14.4 ಟನ್. ಪೈಪಿನ ಘರ್ಷಣೆಯನ್ನೂ ಎತ್ತರವೆಂದೇ ಎಣಿಸಿ ಸೇರಿಸಿದಾಗ ಒಟ್ಟು 60 ಮೀಟರ್ ಇದ್ದರೆ ನಿಜವಾಗಿ ಬೇಕಾದದ್ದು ಗಂಟೆಗೆ 2.35 ಯೂನಿಟ್. ವಿದ್ಯುತ್ ಮೀಟರ್ ಗಂಟೆಗೆ 6 ಯೂನಿಟ್ ತೋರಿಸಿದರೆ ದಕ್ಷತೆ ಶೇ. 39. ಒಳ್ಳೆಯ ಪಂಪ್‌ಸೆಟ್ ಶೇ. 55 ಕೊಟ್ಟರೆ ಗಂಟೆಗೆ 1.7 ಯೂನಿಟ್ ಉಳಿತಾಯ. ವರ್ಷಕ್ಕೆ 800 ಗಂಟೆ ಓಡುವ ಪಂಪಿಗೆ ಸುಮಾರು 1,370 ಯೂನಿಟ್. ಕಲ್ಲಿದ್ದಲಿನ ವಿದ್ಯುತ್ತಾದರೆ ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್, ನೀವೇ ಗುಣಿಸಿ.

ನಷ್ಟದ ಜಾಗಗಳು ಗೊತ್ತಿದ್ದವೇ: ಮರಳಿಗೆ ಸವೆದ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ), ಅನವಶ್ಯಕ ಎಲ್ಬೋ (ಪೈಪಿನ ತಿರುವು), ಬಾವಿಯಲ್ಲಾದರೆ ಕಸ ಕಟ್ಟಿದ ಫುಟ್‌ವಾಲ್ವ್ (ಪೈಪಿನ ತಳದ ಕವಾಟ). ಎಲ್ಲಕ್ಕಿಂತ ಮೋಸದ್ದು ಸಣ್ಣ ಪೈಪು. ಎರಡು ಇಂಚಿನ ಬದಲು ಎರಡೂವರೆ ಇಂಚು ಹಾಕಿದರೆ ಅಷ್ಟೇ ನೀರಿಗೆ ಘರ್ಷಣೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ದೊಡ್ಡ ಮೋಟರ್ ಇಳಿಸಿ ವಾಲ್ವ್ ಅರ್ಧ ಮುಚ್ಚಿಡುವುದಂತೂ ಎತ್ತಿಗೆ ಹೊಡೆಯುತ್ತಲೇ ಮೂಗುದಾರ ಎಳೆದಂತೆ.

ಡೀಸೆಲ್ ವಿಷಯ ಬೇಗ ಹೇಳುತ್ತೇನೆ. ಒಂದು ಲೀಟರ್ ಡೀಸೆಲ್ ಒಂದು ಕಿಲೋ ಕೂಡ ತೂಗುವುದಿಲ್ಲ, ಉರಿದರೆ ಬರುವ ಕಾರ್ಬನ್ ಡೈಆಕ್ಸೈಡ್ ಮಾತ್ರ 2.7 ಕಿಲೋ. ಗಾಳಿಯ ಆಮ್ಲಜನಕ ಬಂದು ಸೇರಿಕೊಳ್ಳುವುದರಿಂದ ಹೀಗೆ.

ಹನಿ ನೀರಾವರಿಗೆ ಸುಮಾರು 10 ಮೀಟರ್ ಎತ್ತರದಷ್ಟು ಒತ್ತಡ ಬೇಕು, ತುಂತುರಿಗೆ 25ರಿಂದ 30. ಆದರೂ ಆಳದ ನೀರಿಗೆ ಹನಿ ಲಾಭ; ಕಡಿಮೆ ನೀರು ಸಾಕಾಗುವುದರಿಂದ ಎತ್ತುವ ತೂಕವೇ ಇಳಿಯುತ್ತದಲ್ಲ. ಕಾಲುವೆಯಿಂದ ತಾನಾಗಿ ಹರಿದು ಬರುವ ನೀರಿಗೆ ಹನಿ ಹಾಕಿದರೆ ಹೊಸದಾಗಿ ವಿದ್ಯುತ್ ಬೇಕಾಗುತ್ತದೆ. ಸೋಲಾರ್ ಪಂಪಿಗೆ ಹೊಗೆಯಿಲ್ಲ, ನಿಜ. ಆದರೆ ಬಿಸಿಲು ಇದೆಯೆಂದು ದಿನವಿಡೀ ಎತ್ತಿದರೆ ಅಂತರ್ಜಲ ಇಳಿಯುತ್ತದೆ, ಪಕ್ಕದ ಹೊಲದ ಡೀಸೆಲ್ ಪಂಪು ಅದೇ ತೂಕವನ್ನು ಇನ್ನೂ ಆಳದಿಂದ ಎತ್ತಬೇಕಾಗುತ್ತದೆ.

ಸಮಯ ಮುಗಿಯಿತೆಂದು ಚೀಟಿ ಬಂದಿದೆ. ಭತ್ತದ ಬಗ್ಗೆ ಒಂದೇ ಮಾತು. ನಿಂತ ನೀರಿನಡಿ ಮಣ್ಣಿಗೆ ಗಾಳಿಯಾಡದೆ ಮೀಥೇನ್ ಹುಟ್ಟುತ್ತದೆ; ಇದೂ ಭೂಮಿಯನ್ನು ಬಿಸಿಮಾಡುವ ಅನಿಲವೇ. ತೂತು ಕೊರೆದ ಪೈಪಿನ ತುಂಡೊಂದನ್ನು ಗದ್ದೆಯಲ್ಲಿ ಹುಗಿದು, ಒಳಗಿನ ಮಣ್ಣು ತೆಗೆಯಿರಿ. ಅದರಲ್ಲಿ ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಇಳಿದ ಮೇಲೆ ಮತ್ತೆ ನೀರು ಬಿಡಿ. ಪಂಪಿನ ಕೆಲಸವೂ ಕಡಿಮೆ, ಮೀಥೇನೂ ಕಡಿಮೆ. ಹೂ ಬಿಡುವಾಗ ಮಾತ್ರ ಹೀಗೆ ಒಣಗಿಸಬೇಡಿ, ತೆನೆ ಜೊಳ್ಳಾಗುತ್ತದೆ.