ಹಾರ್ಮೋನ್ ಮಾತ್ರೆ ಹೃದಯಕ್ಕೆ ಮಿತ್ರನೋ ಶತ್ರುವೋ?

[ತೆರೆಯ ಮೇಲೆ: 2002, ಜುಲೈ]

ನಿರೂಪಣೆ: ಮುಟ್ಟು ನಿಂತ ಮಹಿಳೆಗೆ ಹಾರ್ಮೋನ್ ಕೊಟ್ಟರೆ ಅವಳ ಹೃದಯಕ್ಕೆ ರಕ್ಷಣೆ ಸಿಗುತ್ತದೆ ಎಂದು 1990ರ ದಶಕದಲ್ಲಿ ಅನೇಕ ವೈದ್ಯರು ನಂಬಿದ್ದರು. 2002ರ ಜುಲೈನಲ್ಲಿ ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ಮಹಿಳಾ ಆರೋಗ್ಯ ಅಧ್ಯಯನ ತನ್ನ ಹಾರ್ಮೋನ್ ಪ್ರಯೋಗದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಿತು. ಅದೇ ಮಾತ್ರೆಯಿಂದ ಹೃದಯಾಘಾತ ಹೆಚ್ಚುತ್ತದೆ ಎಂಬ ಸುದ್ದಿ ಹಬ್ಬಿತು. ಅಸಂಖ್ಯ ಮಹಿಳೆಯರು ಮಾತ್ರೆ ಬಿಟ್ಟರು. ನನ್ನ ಪ್ರಕಾರ ಮೊದಲಿನ ಭರವಸೆಯೂ ಅತಿಯಾಗಿತ್ತು, ಆಮೇಲಿನ ಭಯವೂ ಅತಿಯಾಯಿತು.

[ಚಿತ್ರ: ರಕ್ತನಾಳದ ಒಳನೋಟ]

ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜೆನ್ ರಕ್ತನಾಳದ ಒಳಪದರವನ್ನು ಮೃದುವಾಗಿ, ಹಿಗ್ಗುವಂತೆ ಇಡುತ್ತದೆ. ಋತುಬಂಧದ ಸುತ್ತಮುತ್ತ ಅದು ಕುಸಿಯುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಎನ್ನಿಸಿಕೊಂಡ ಎಲ್‌ಡಿಎಲ್ ಏರುತ್ತದೆ, ಕೊಬ್ಬು ಹೊಟ್ಟೆಯ ಭಾಗಕ್ಕೆ ಸರಿಯುತ್ತದೆ. ಹಾಗಾದರೆ ಕಳೆದುಹೋದ ಹಾರ್ಮೋನನ್ನು ಮಾತ್ರೆಯಲ್ಲಿ ಕೊಟ್ಟರೆ ಆಯಿತಲ್ಲ? ತರ್ಕ ಸರಳವಾಗಿತ್ತು. ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೃದ್ರೋಗ ಕಡಿಮೆ ಎಂದು ಹಲವು ಸಮೀಕ್ಷೆಗಳೂ ಹೇಳಿದವು. ಆದರೆ ಆ ಮಹಿಳೆಯರಲ್ಲಿ ಹೆಚ್ಚಿನವರು ಓದಿದವರು, ಅನುಕೂಲಸ್ಥರು, ಮೊದಲೇ ಆರೋಗ್ಯದ ಕಾಳಜಿ ಇದ್ದವರು. ಲಾಭದಲ್ಲಿ ಮಾತ್ರೆಯ ಪಾಲೆಷ್ಟು, ಬದುಕಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟವಾಗಿತ್ತು.

ಅದಕ್ಕೇ 2002ರಲ್ಲಿ ನಿಂತ ಆ ಪ್ರಯೋಗ ಬೇಕಾಗಿತ್ತು. ಗರ್ಭಕೋಶವಿದ್ದ 16,608 ಮಹಿಳೆಯರಲ್ಲಿ ಕೆಲವರಿಗೆ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟೆರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ) ಸೇರಿದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು.

[ತೆರೆಯ ಮೇಲೆ: 10,000 ಮಹಿಳೆಯರು, ಒಂದು ವರ್ಷ: 30 ಮತ್ತು 37]

ಹುಸಿ ಮಾತ್ರೆಯ ಗುಂಪಿನಲ್ಲಿ ವರ್ಷಕ್ಕೆ 10,000 ಮಹಿಳೆಯರಲ್ಲಿ ಸುಮಾರು 30 ಮಂದಿಗೆ ಪರಿಧಮನಿಯ (ಹೃದಯಕ್ಕೆ ರಕ್ತ ಒಯ್ಯುವ ನಾಳದ) ಹೃದ್ರೋಗ ಕಾಣಿಸಿಕೊಂಡಿತು, ಹಾರ್ಮೋನ್ ಗುಂಪಿನಲ್ಲಿ 37. ಇದನ್ನೇ 'ಶೇ 29ರಷ್ಟು ಹೆಚ್ಚಳ' ಎಂದು ಬರೆದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಎರಡೂ ಒಂದೇ ಪ್ರಯೋಗದ ಫಲಿತಾಂಶ; 30ರಿಂದ 37 ಎಂದರೆ ನೇರ ಲೆಕ್ಕದಲ್ಲಿ ಸುಮಾರು ಶೇ 23, ಶೇ 29 ಎಂಬುದು ಸಂಖ್ಯಾಶಾಸ್ತ್ರದ ಹೊಂದಾಣಿಕೆಯ ನಂತರದ ಅಂದಾಜು. ಪಾರ್ಶ್ವವಾಯು, ಸ್ತನ ಕ್ಯಾನ್ಸರ್, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಕೂಡ ಹೆಚ್ಚಿದವು. ಸೊಂಟದ ಮೂಳೆ ಮುರಿತ ಕಡಿಮೆಯಾಯಿತು. ಅದು ಸುದ್ದಿಯಾದದ್ದು ಕಡಿಮೆ.

ಇನ್ನೊಂದು ಸಂಗತಿಯೂ ಸುದ್ದಿಯ ಗದ್ದಲದಲ್ಲಿ ಮುಳುಗಿತು. ಆ ಮಹಿಳೆಯರ ಸರಾಸರಿ ವಯಸ್ಸು 63. ಅಂದರೆ ಬಹುಪಾಲು ಮಂದಿಗೆ ಮುಟ್ಟು ನಿಂತು ಹತ್ತು ವರ್ಷ ದಾಟಿತ್ತು. ಮೈ ಬಿಸಿಯೇರಿ, ರಾತ್ರಿ ಬೆವರಿನಲ್ಲಿ ತೊಯ್ದು ವೈದ್ಯರ ಬಳಿ ಬರುವವಳ ವಯಸ್ಸು ಸಾಮಾನ್ಯವಾಗಿ ಐವತ್ತರ ಆಸುಪಾಸು. ಅರವತ್ತಮೂರರ ರಕ್ತನಾಳದ ಫಲಿತಾಂಶವನ್ನು ಐವತ್ತರವಳ ಮೇಲೆ ಹೊರಿಸಿದರು.

[ಚಿತ್ರ: ಎರಡು ರಕ್ತನಾಳಗಳು, ಒಂದು ಶುಭ್ರ, ಇನ್ನೊಂದರಲ್ಲಿ ಕೊಬ್ಬಿನ ಪದರ]

ವಯಸ್ಸಿನಿಂದ ವ್ಯತ್ಯಾಸವೇಕೆ? ರಕ್ತನಾಳದ ಗೋಡೆ ಇನ್ನೂ ಸ್ವಚ್ಛವಾಗಿರುವಾಗ ಈಸ್ಟ್ರೋಜೆನ್ ಕೊಬ್ಬು ಕಟ್ಟುವುದನ್ನು ನಿಧಾನಿಸಬಹುದು. ಆಗಲೇ ಕಟ್ಟಿದ ಕೊಬ್ಬಿನ ಪದರವಿದ್ದರೆ ಅದೇ ಹಾರ್ಮೋನ್ ಅದನ್ನು ಅಸ್ಥಿರಗೊಳಿಸಿ, ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗಬಹುದು. 2016ರಲ್ಲಿ ಪ್ರಕಟವಾದ 'ಎಲೈಟ್' ಪ್ರಯೋಗ ಈ ವಿಚಾರಕ್ಕೆ ಬಲ ಕೊಟ್ಟಿತು: ಋತುಬಂಧವಾಗಿ ಆರು ವರ್ಷದೊಳಗೆ ಚಿಕಿತ್ಸೆ ಶುರುಮಾಡಿದವರಲ್ಲಿ ಕತ್ತಿನ ರಕ್ತನಾಳದ ಗೋಡೆ ದಪ್ಪವಾಗುವುದು ನಿಧಾನವಾಯಿತು, ಹತ್ತು ವರ್ಷ ಕಳೆದವರಲ್ಲಿ ಆಗಲಿಲ್ಲ. ಆದರೆ ಗೋಡೆಯ ದಪ್ಪ ಬೇರೆ, ಹೃದಯಾಘಾತ ಬೇರೆ. ಆದ್ದರಿಂದ ಹೃದಯ ಕಾಪಾಡಲೆಂದೇ ಹಾರ್ಮೋನ್ ತೆಗೆದುಕೊಳ್ಳಿ ಎಂದು ಪ್ರಮುಖ ವೈದ್ಯಕೀಯ ಮಾರ್ಗಸೂಚಿಗಳು ಇಂದಿಗೂ ಹೇಳುವುದಿಲ್ಲ. ಬಿಸಿಯೇರಿಕೆ, ನಿದ್ದೆಗೇಡು ಬದುಕನ್ನು ಹಿಂಡುತ್ತಿದ್ದರೆ, ವಯಸ್ಸು ಅರವತ್ತರ ಒಳಗಿದ್ದು ಮುಟ್ಟು ನಿಂತು ಹತ್ತು ವರ್ಷ ದಾಟಿಲ್ಲದಿದ್ದರೆ, ಹೆಚ್ಚಿನವರಿಗೆ ಲಾಭವೇ ಹೆಚ್ಚು ಎನ್ನುತ್ತವೆ.

ಔಷಧ ಒಳಹೋಗುವ ದಾರಿಯೂ ಮುಖ್ಯ. ನುಂಗಿದ ಈಸ್ಟ್ರೋಜೆನ್ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಹೆಚ್ಚುತ್ತವೆ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್ ನೇರವಾಗಿ ರಕ್ತಕ್ಕೆ ಸೇರುತ್ತದೆ. ಇವುಗಳಲ್ಲಿ ಹೆಪ್ಪಿನ ಅಪಾಯ ಮಾತ್ರೆಗಿಂತ ಕಡಿಮೆ ಎಂದು ವೀಕ್ಷಣಾ ಅಧ್ಯಯನಗಳು (ಚೀಟಿ ಎತ್ತದೆ, ಬಳಸುವವರನ್ನು ಗಮನಿಸುವಂಥವು) ತೋರಿಸಿವೆ. ವೈದ್ಯರು ಮಾತ್ರೆ ಬರೆದರೆ 'ಪ್ಯಾಚ್ ಆಗಬಹುದೇ' ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಗರ್ಭಕೋಶವಿದ್ದವರಿಗೆ ಜೊತೆಯಲ್ಲಿ ಪ್ರೊಜೆಸ್ಟೋಜೆನ್ (ಪ್ರೊಜೆಸ್ಟಿನ್ ಕೂಡ ಸೇರಿದ ಹಾರ್ಮೋನ್ ಗುಂಪು) ಬೇಕೇ ಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್‌ನ ಭೀತಿ.

ಹೃದಯಾಘಾತ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವವಿದ್ದವರಿಗೆ ಸಾಮಾನ್ಯವಾಗಿ ಈ ಚಿಕಿತ್ಸೆ ಸಲ್ಲದು.

[ತೆರೆಯ ಮೇಲೆ: 40ಕ್ಕೂ ಮುನ್ನ]

2002ರ ಭಯದಿಂದ ನಿಜವಾಗಿ ನಷ್ಟವಾಗುವುದು ಇನ್ನೊಂದು ಗುಂಪಿಗೆ. ನಲವತ್ತಕ್ಕೂ ಮುನ್ನ ಮುಟ್ಟು ನಿಂತವರು, ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯಗಳನ್ನು ಬೇಗನೆ ಕಳೆದುಕೊಂಡವರು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಇವರಲ್ಲಿ ಹೃದ್ರೋಗವೂ ಮೂಳೆ ಸವೆತವೂ ಹೆಚ್ಚು. ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಾದ ಸುಮಾರು ಐವತ್ತೊಂದರವರೆಗಾದರೂ ಇವರಿಗೆ ಹಾರ್ಮೋನ್ ಕೊಡಬೇಕೆಂಬುದು ತಜ್ಞರ ಸಲಹೆ. ಅರವತ್ತಮೂರರ ಮಹಿಳೆಯರ ಅಂಕಿಯನ್ನು ತೋರಿಸಿ ಮೂವತ್ತೆಂಟರವಳಿಗೆ ಯಾರಾದರೂ 'ಬೇಡ' ಎಂದರೆ, ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕಾಣಿರಿ.