ಗುಂಡು ಹಾರಿಸಿದರೆ ಜಾಗ ಗೊತ್ತಾಗುತ್ತೆ: ಅಬ್ದುಲ್ ಹಮೀದರ ಜೀಪು

[ದೃಶ್ಯ: ಗಂಗಾವತಿ ಹತ್ತಿರದ ಭತ್ತದ ಗದ್ದೆ. ಹಿಂದಿನ ಗಾಲಿ ಹೂತುಹೋದ ಟ್ರ್ಯಾಕ್ಟರ್.]

ನಮಸ್ಕಾರ. ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ನಮ್ಮ ಕಡೆ ಇದು ದಿನದ ಕಥೆ. ಕಬ್ಬಿಣದ ಗಾಲಿ ಹಾಕದೆ ಕೆಸರಿಗಿಳಿದರೆ ಟ್ರ್ಯಾಕ್ಟರ್ ಮೇಲೇಳಲ್ಲ. ಎರಡು ಟನ್ನಿನ ಗಾಡಿ ಪಾಡೇ ಹೀಗಾದರೆ, ಸುಮಾರು 45 ಟನ್ನಿನ ಪ್ಯಾಟನ್ ಟ್ಯಾಂಕಿನ ಗತಿ?

1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮ್‌ಕರಣ್ ಬಳಿ ನಮ್ಮ ಸೇನೆ ಹೊಲಗಳಿಗೆ ನೀರು ಹರಿಸಿತು. ಪಾಕಿಸ್ತಾನದ ಪ್ಯಾಟನ್‌ಗಳು ಕಬ್ಬಿನ ನಡುವೆ ಸಿಕ್ಕಿಕೊಂಡವು. ಅಸಲ್ ಉತ್ತರ್ ಕದನ ಅಂದರೆ ಇದೇ. ಆದರೆ ನೀರೊಂದೇ ಟ್ಯಾಂಕ್ ತಡೆಯಲ್ಲ. ಭೀಖೀವಿಂಡ್ ರಸ್ತೆಯ ಚೀಮಾ ಹಳ್ಳಿ ಎದುರು ಯಾರೋ ನಿಲ್ಲಲೇಬೇಕಿತ್ತು.

ನಿಂತವರು ಪದಾತಿ ಪಡೆಯಾದ 4 ಗ್ರೆನೇಡಿಯರ್ಸ್‌ನ ಹವಾಲ್ದಾರ್ ಅಬ್ದುಲ್ ಹಮೀದ್. ಉತ್ತರ ಪ್ರದೇಶದ ದರ್ಜಿಯ ಮಗ. ಹುದ್ದೆ ಕ್ವಾರ್ಟರ್‌ಮಾಸ್ಟರ್, ಅಂದರೆ ಕಂಪನಿಯ ಸಾಮಾನು ಸರಂಜಾಮು ನೋಡಿಕೊಳ್ಳುವವರು. ಆದರೆ ಜೀಪಿನ ಮೇಲಿನ 106 ಎಂಎಂ ರಿಕಾಯ್ಲ್‌ಲೆಸ್ ಗನ್ ಅವರ ಕೈಗೆ ಚೆನ್ನಾಗಿ ಪಳಗಿತ್ತು.

[ದೃಶ್ಯ: ಗನ್ನಿನ ಚಿತ್ರ, ಹಿಂಭಾಗ ದೊಡ್ಡದಾಗಿ.]

ಇಲ್ಲಿ ಸ್ವಲ್ಪ ನಿಲ್ಲೋಣ. ಮಾಮೂಲಿ ತೋಪು ಸಿಡಿದಾಗ ಹಿಂದಕ್ಕೆ ಒದೆಯುತ್ತದೆ. ಇದರಲ್ಲಿ ಸಿಡಿಮದ್ದಿನ ಅನಿಲದ ಬಹುಪಾಲು ಹಿಂದಿನಿಂದಲೇ ಹೊರಗೆ ನುಗ್ಗುತ್ತದೆ, ಹಾಗಾಗಿ ಒದೆತ ಇಲ್ಲ. ಅದಕ್ಕೇ ಇಷ್ಟು ದೊಡ್ಡ ಗುಂಡಿನ ಗನ್ನನ್ನು ಜೀಪು ತಡೆಯುತ್ತದೆ. ಆದರೆ ಹಿಂದೆ ಬೆಂಕಿ, ಧೂಳು. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಿಂತ ಮೊದಲು ಅದರ ಧೂಳೇ ಕಾಣುತ್ತೆ ಅಲ್ವಾ? ಹಾಗೆಯೇ. ಒಂದು ಸಲ ಹೊಡೆದರೆ ನೀವೆಲ್ಲಿದ್ದೀರಿ ಅಂತ ಶತ್ರುವಿಗೆ ಗೊತ್ತು. ಜೀಪಿಗೆ ಕವಚ ಬೇರೆ ಇಲ್ಲ. ತಕ್ಷಣ ಜಾಗ ಬದಲಿಸಬೇಕು.

ಸೆಪ್ಟೆಂಬರ್ 10. ಹಮೀದ್ ಜೀಪನ್ನು ಪಕ್ಕಕ್ಕೆ ಒಯ್ದು ಮುಂಚೂಣಿಯ ಟ್ಯಾಂಕ್ ಹೊಡೆದರು. ಜಾಗ ಬದಲಿಸಿದರು. ಇನ್ನೊಂದಕ್ಕೆ ಬೆಂಕಿ ಹತ್ತಿತು. ಅಷ್ಟರಲ್ಲಿ ಉಳಿದ ಟ್ಯಾಂಕುಗಳಿಗೆ ಜೀಪು ಕಂಡುಬಿಟ್ಟಿತು. ಮೆಷಿನ್‌ಗನ್ನು, ಶೆಲ್ಲು, ಎಲ್ಲ ಅದರ ಮೇಲೇ. ಹಿಂದೆ ಸರಿದಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರು ಮತ್ತೊಂದು ಟ್ಯಾಂಕಿಗೆ ಗುರಿ ಹಿಡಿದು ಹೊಡೆಯುತ್ತಲೇ ಇದ್ದರು. ಆಗಲೇ ಶೆಲ್ ಬಿತ್ತು. ವಯಸ್ಸು 32.

[ದೃಶ್ಯ: ಪದಕದ ಚಿತ್ರ.]

ಪರಮವೀರ ಚಕ್ರ ಘೋಷಣೆಯಾಗಿದ್ದು ಒಂದೇ ವಾರದೊಳಗೆ. ಯುದ್ಧ ಇನ್ನೂ ಮುಗಿದಿರಲಿಲ್ಲ! 1966ರ ಗಣರಾಜ್ಯೋತ್ಸವದಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರಿಂದ ಪತ್ನಿ ರಸೂಲನ್ ಬೀಬಿ ಅದನ್ನು ಪಡೆದರು. ಕಂಚಿನ ಪುಟ್ಟ ಪದಕ, ನೇರಳೆ ರಿಬ್ಬನ್.